ದಶಪಥದ ಲೆಕ್ಕಕ್ಕೆ ನಾವು ಬೇಕು, ಓಡಾಡೋಕೆ ಮಾತ್ರ ಬೇಡ

ಬಲಗೈ ಹೆಬ್ಬೆಟ್ಟೊಂದರಲ್ಲೇ ಕುಟ್ತಿದ್ದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಎಡಗೈಗೆ ಮೊಣಕೈವರೆಗೂ ಪ್ಲಾಸ್ಟರ್. ಆರು ವಾರ ಅಂದಿದ್ದಾರೆ ಡಾಕ್ಟ್ರು. "ಎಡಗೈ ತಾನೇ, ಬರೆಯೋ ಕೈ ಅಲ್ವಲ್ಲ" ಅಂತ ಸಮಾಧಾನ ಮಾಡೋಕೆ ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಯ್ತು: ಕ್ಲಚ್ಚು ಇರೋದು ಎಡಗೈಯಲ್ಲೇ ಸ್ವಾಮಿ.

ಹೇಗೆ ಬಿದ್ದೆ ಅಂತ ಒಬ್ಬರೂ ಕೇಳಲಿಲ್ಲ. "ಎಷ್ಟು ಸ್ಪೀಡಲ್ಲಿದ್ದೆ?" ಇದೊಂದೇ ಪ್ರಶ್ನೆ. ಮಾವನೋರು ಫೋನಲ್ಲಿ ಅದನ್ನೇ ಕೇಳಿದ್ರು, ಆಫೀಸಲ್ಲಿ ಅದನ್ನೇ, ಎಕ್ಸ್‌ರೇ ತೆಗೆಯೋ ಹುಡುಗನೂ ಅದನ್ನೇ. ಮೂವತ್ತು. ಜಾಸ್ತಿ ಅಂದ್ರೆ ಮೂವತ್ತೈದು. ನಂಬಲ್ಲ. ಬೈಕಿಂದ ಬಿದ್ದ ಅಂದ್ರೆ ವೀಲಿ ಮಾಡ್ತಿದ್ದ ಅಂತಲೇ ಜನದ ಲೆಕ್ಕ. ನನಗೆ ನಲವತ್ತೊಂದು ವರ್ಷ ಕಣ್ರಪ್ಪ. ಬೆನ್ನಿನ ಬ್ಯಾಗಲ್ಲಿ ಅಮ್ಮ ಕಟ್ಟಿಕೊಟ್ಟ ಎರಡು ಸೇರು ಹುರುಳಿಕಾಳು, ಒಂದು ಸೀಸೆ ತುಪ್ಪ. ಇದನ್ನ ಹೊತ್ಕೊಂಡು ಯಾವನು ವೀಲಿ ಮಾಡ್ತಾನೆ?

ನಮ್ಮೂರು ಪಾಂಡವಪುರದ ಕಡೆ, ಅನ್ನ ಹುಟ್ಟೋದು ಬೆಂಗಳೂರಲ್ಲಿ. ಹದಿನೈದು ವರ್ಷದಿಂದ ತಿಂಗಳಿಗೆರಡು ಸಲ ಬೈಕಲ್ಲೇ ಹೋಗಿ ಬಂದು ಮಾಡ್ತಿದ್ದೀನಿ. ಬಸ್ಸಿಲ್ವಾ, ರೈಲಿಲ್ವಾ ಅಂತೀರ. ಇದೆ. ಆದ್ರೆ ಮಂಡ್ಯ ದಾಟಿ ನಾಲೆ ಬಯಲು ಶುರುವಾದ ಜಾಗದಲ್ಲಿ ಗಾಳಿ ಇದ್ದಕ್ಕಿದ್ದಂಗೆ ತಣ್ಣಗಾಗುತ್ತಲ್ಲ, ಜಾಕೆಟ್ ಜಿಪ್ಪು ಗಂಟಲವರೆಗೆ ಎಳ್ಕೊಳ್ಳೋ ಹಂಗೆ, ಅದು ಬಸ್ಸಿನ ಕಿಟಕೀಲಿ ಸಿಗಲ್ಲ. ಕಬ್ಬಿನ ಕಾಲದಲ್ಲಿ ಆಲೆಮನೆ ಕೊಪ್ಪರಿಗೇಲಿ ಪಾಕ ಏರೋ ಹೊತ್ತಿಗೆ ಸರಿಯಾಗಿ ಹಾದುಹೋದ್ರೆ ಹೆಲ್ಮೆಟ್ ಒಳಗೆ ಬೆಲ್ಲದ ಘಮ ನುಗ್ಗಿ, ಮುಂದಿನ ಊರು ಬರೋವರೆಗೂ ಅಲ್ಲೇ ಕೂತಿರುತ್ತೆ. ಎಸಿ ಹಾಕ್ಕೊಂಡು ಗ್ಲಾಸ್ ಏರಿಸಿದ ಕಾರಿನವನಿಗೆ ಅದರ ಗಂಧಗಾಳಿಯೂ ಇಲ್ಲ.

ಈ ಹುಚ್ಚು ಅಪ್ಪನಿಂದ ಬಂದಿದ್ದು. ಅಪ್ಪನ ಹತ್ರ ಯೆಜ್ಡಿ ಇತ್ತು, ಒದ್ದ ಕಿಕ್ಕರನ್ನೇ ಮುಂದಕ್ಕೆ ಮಡಚಿ ಗೇರ್ ಮಾಡ್ಕೊಳ್ಳೋ ಗಾಡಿ. ಮೈಸೂರು ಯಾದವಗಿರಿಯ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ್ಮೇಲೂ ಅದನ್ನ ಮಾರಲಿಲ್ಲ. ಅದರ ಟ್ಯಾಂಕಿನ ಮೇಲೆ ಕೂತು ನಾನು ಈ ರಸ್ತೆ ಕಲಿತದ್ದು. ಆಗ ಎರಡೇ ಲೇನು. ಲಾರಿ, ಎತ್ತಿನಗಾಡಿ, ಬಸ್ಸು, ನಾವು, ಎಲ್ಲ ಅದರಲ್ಲೇ.

ಈಗ ಅದೇ ಬೆಂಗಳೂರು-ಮೈಸೂರು ರಸ್ತೆ ದಶಪಥ. 2023ರ ಮಾರ್ಚಲ್ಲಿ ಉದ್ಘಾಟನೆ ಆದಾಗ ನಾನೂ ಕುಣಿದಾಡಿದೋನೇ. ಹತ್ತು ಲೇನು, ಹೆಚ್ಚುಕಮ್ಮಿ 119 ಕಿಲೋಮೀಟರು! ಆಗಸ್ಟ್ 1ಕ್ಕೆ ಆದೇಶ ಜಾರಿಗೆ ಬಂತು: ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರಂಗಿಲ್ಲ, ಬಂದ್ರೆ ದಂಡ. ನಡುವಿನ ಆರು ಲೇನು ಕಾರು, ಬಸ್ಸಿನವರಿಗೆ, ಆ ಕಡೆ ಎರಡು ಈ ಕಡೆ ಎರಡು ಸರ್ವಿಸ್ ರೋಡು ನಮಗೆ. ಅಂದ್ರೆ ಹತ್ತು ಹತ್ತು ಅಂತ ಭಾಷಣ ಬಿಗಿದಾಗ ನಮ್ಮ ನಾಲ್ಕನ್ನೂ ಸೇರಿಸಿಯೇ ಎಣಿಸಿದ್ರು. ಫೋಟೋ ತೆಗೆದದ್ದು ಮಾತ್ರ ಆರರದ್ದು.

ಸುಳ್ಳು ಯಾಕೆ ಹೇಳಲಿ, ನಿಷೇಧಕ್ಕೆ ಕೊಟ್ಟ ಕಾರಣ ಪೂರ್ತಿ ಬೊಗಳೆ ಅಲ್ಲ. ಆ ನಾಲ್ಕೈದು ತಿಂಗಳು ನಾನೂ ಮೇಲಿನ ರಸ್ತೆಯಲ್ಲಿ ಓಡಾಡಿದ್ದೀನಿ. ಎಂಬತ್ತರಲ್ಲಿ ಹೋಗ್ತಿರುವಾಗ ಪಕ್ಕದಲ್ಲಿ ವೋಲ್ವೋ ಒಂದು ರೊಯ್ಯಂತ ಹಾದ್ರೆ ಮೊದಲು ಆಚೆ ತಳ್ಳುತ್ತೆ, ಆಮೇಲೆ ಒಳಕ್ಕೆ ಎಳ್ಕೊಳ್ಳುತ್ತೆ. ಹಂಗೆ ಒಂದ್ಸಲ ಬಿಡದಿ ಹತ್ರ ತೊಡೆ ಎರಡೂ ನಡುಗಿ, ಗಾಡಿ ಪಕ್ಕಕ್ಕೆ ಹಾಕಿ ನೀರು ಕುಡಿದು ಹೊರಟಿದ್ದೆ. ನಮ್ಮಲ್ಲೇ ಕೆಲವರು ಅದೇ ರಸ್ತೇಲಿ ರಾಂಗ್ ಸೈಡಲ್ಲಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಬರೋರು, ಅವರನ್ನ ಕಂಡ್ರೆ ನನಗೇ ಹೊಡೆಯೋಣ ಅನ್ನಿಸೋದು. ಆಯ್ತು, ಇಳಿಸಿ ನಮ್ಮನ್ನ. ಆದ್ರೆ "ನಿಮ್ಮ ಸುರಕ್ಷತೆಗಾಗಿ" ಅಂತ ಇಳಿಸಿದ ಮೇಲೆ, ಇಳಿಸಿದ ಜಾಗ ಹೇಗಿದೆ ಅಂತ ಒಬ್ಬನಾದ್ರೂ ಒಂದು ರಾತ್ರಿ ಬೈಕಲ್ಲಿ ಹೋಗಿ ನೋಡಿದ್ದಾನಾ?

ನಾನು ಹೇಳ್ತೀನಿ ಕೇಳಿ. ಸರ್ವಿಸ್ ರೋಡು ಚೆನ್ನಾಗಿಯೇ ಹೋಗ್ತಿರುತ್ತೆ, ಇದ್ದಕ್ಕಿದ್ದಂಗೆ ಮುಗಿದುಹೋಗುತ್ತೆ. ಬೋರ್ಡಿಲ್ಲ, ಬಾಣವಿಲ್ಲ. ಅಂಡರ್‌ಪಾಸಲ್ಲಿ ತೂರಿ ಆಚೆ ಬದಿಗೆ ಹೋಗಿ, ಯಾವುದೋ ಊರೊಳಗೆ ನುಗ್ಗಿ, ಹಸು ಕಟ್ಟಿದ ಕೊಟ್ಟಿಗೆ ಪಕ್ಕ ಹಾದು, ಯಾರನ್ನೋ ಕೇಳಿ ಮತ್ತೆ ಬಂದು ಸೇರ್ಕೋಬೇಕು. ಮಳೆ ಬಂದ್ರೆ ಅಂಡರ್‌ಪಾಸ್ ಕಲ್ಯಾಣಿ. ಎದುರಿಂದ ರಾಂಗ್ ಸೈಡಲ್ಲಿ ಬರೋರು ಬಂದೇ ಬರ್ತಾರೆ, ಅವರನ್ನೂ ಪೂರ್ತಿ ಬೈಯೋಕಾಗಲ್ಲ, ಆಚೆ ಹೊಲಕ್ಕೆ ಹೋಗ್ಬೇಕಂದ್ರೆ ಎರಡು ಕಿಲೋಮೀಟರು ಸುತ್ತು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಒಂದು ದೀಪ ಇರಲ್ಲ, ಕಬ್ಬಿನ ಗರಿ ಹೆಲ್ಮೆಟ್ ಗ್ಲಾಸಿಗೆ ತಾಗಿದ ಮೇಲೇ ಓಹೋ ಟ್ರ್ಯಾಕ್ಟರು ಅಂತ ಗೊತ್ತಾಗೋದು. ಪಕ್ಕದ ಬೇಲಿಯಾಚೆ ಕನ್ನಡಿಯಂಥ ರಸ್ತೆಯಲ್ಲಿ ಕಾರುಗಳು ಸುಯ್ ಸುಯ್ ಅಂತ ಹೋಗ್ತಿರುತ್ತವೆ.

ಇದನ್ನೆಲ್ಲ ಹೇಳಿದ್ರೆ ಕಾರಿನ ಗೆಳೆಯ ಒಬ್ಬ ಇದ್ದಾನೆ, "ನೀವು ಟೋಲ್ ಕಟ್ಟಲ್ವಲ್ಲ ಗುರು" ಅಂತಾನೆ. ಹೌದಪ್ಪ, ಟೋಲ್ ಕಟ್ಟಲ್ಲ. ಆದ್ರೆ ಕರ್ನಾಟಕದಲ್ಲಿ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ ಬೈಕಿಗೆ ಜೀವಿತಾವಧಿ ತೆರಿಗೆ ನೂರಕ್ಕೆ 18. ನಿನ್ನ 8 ಲಕ್ಷದ ಕಾರಿಗೆ ನೂರಕ್ಕೆ 14. ನನ್ನ ದರದಲ್ಲಿ ನೀನು ತೆರಿಗೆ ಕಟ್ಬೇಕು ಅಂದ್ರೆ 20 ಲಕ್ಷದ ಮೇಲಿನ ಕಾರು ತಗೋಬೇಕು. ತೆರಿಗೆ ಕಟ್ಟೋವಾಗ ನಾನು ಸಾಹುಕಾರ, ರಸ್ತೆಗೆ ಬಂದಾಗ ಟ್ರ್ಯಾಕ್ಟರ್ ಜೊತೆ. ಪೆಟ್ರೋಲಿಗೆ ಹಾಕೋ ರಸ್ತೆ ಸೆಸ್ಸಲ್ಲೂ ಬೈಕಿನೋನಿಗೇನು ರಿಯಾಯ್ತಿ ಇಲ್ಲ.

ಭಾನುವಾರ ಸಂಜೆ ಊರಿಂದ ಹೊರಟಾಗಲೇ ಲೇಟಾಗಿತ್ತು. ಮದ್ದೂರು ದಾಟಿದ್ದೆ, ಏಳೂಮುಕ್ಕಾಲಿರಬೇಕು. ಎದುರಿಂದ ಒಬ್ಬ ಮಹಾನುಭಾವ ಹೈಬೀಮ್ ಹಾಕ್ಕೊಂಡು ಬಂದ, ಜೊತೆಗೆ ಇನ್ನೆರಡು ಬಿಳಿ ಲೈಟು ಬೇರೆ ಕಟ್ಟಿಸ್ಕೊಂಡಿದ್ದ. ಕಣ್ಣು ಕತ್ತಲೆ ಬಂತು. ಗಾಡಿ ನಿಧಾನ ಮಾಡ್ದೆ. ಅವನು ಹಾದುಹೋದ ಮೇಲೆ ಕಣ್ಣು ಹೊಂದ್ಕೊಳ್ಳೋಕೆ ಎರಡು ಸೆಕೆಂಡಾದ್ರೂ ಬೇಕಲ್ಲ, ಆ ಎರಡು ಸೆಕೆಂಡಲ್ಲೇ ಮುಂದಿನ ಚಕ್ರ ಆಕಾಶಕ್ಕೆ ಹೋಯ್ತು. ಹಂಪು. ಬಣ್ಣವಿಲ್ಲ, ಬೋರ್ಡಿಲ್ಲ, ಬೀದಿದೀಪವಿಲ್ಲ, ರಸ್ತೆ ಬಣ್ಣದ್ದೇ ಹಂಪು. ಕೆಳಗೆ ಬಂದಾಗ ಹ್ಯಾಂಡಲ್ ಅಡ್ಡ ತಿರುಗಿತ್ತು, ನಾನು ಎಡಗೈ ಊರಿದೆ. ಕಡ್ಡಿ ಮುರಿದಂಗೆ ಒಂದು ಸದ್ದು, ಅಷ್ಟೇ. ಹೆಲ್ಮೆಟ್ ಗಲ್ಲದ ಹತ್ರ ನಾಲ್ಕು ಬೆರಳಗಲ ಉಜ್ಜಿಹೋಗಿದೆ. ಚಟ್ಟಿ ಹೆಲ್ಮೆಟ್ ಸಾಕು ಅಂತ ಇನ್ನೂ ಅಂಗಡೀಲಿ ಚೌಕಾಸಿ ಮಾಡೋರು ಬನ್ನಿ, ತೋರಿಸ್ತೀನಿ. ಆ ಗೀರು ನನ್ನ ದವಡೆ ಮೇಲಿರಬೇಕಿತ್ತು.

ರಸ್ತೆ ಪಕ್ಕದ ಟೀ ಅಂಗಡಿಯವರು ಓಡಿಬಂದು ಎಬ್ಬಿಸಿದ್ರು. ಗಾಬರಿ ಇಲ್ಲ, ಏನಿಲ್ಲ. "ನೀವು ಈ ವಾರ್ದಲ್ಲಿ ನಾಕ್ನೇವ್ರು ಕಣಣ್ಣ" ಅಂದ್ರು. ಹೋದ ಸಲ ಗೌರಿಹಬ್ಬದ ಹೊತ್ತಿಗೆ ಒಂದು ಮಗುಗೆ ಕಾರು ಗುದ್ದಿತಂತೆ, ಊರವರು ಗಲಾಟೆ ಮಾಡಿದ್ಮೇಲೆ ಯಾರೋ ಬಂದು ಒಂದೇ ರಾತ್ರೀಲಿ ಹಂಪ್ ಹಾಕಿ ಹೋದ್ರಂತೆ. ಊರವರನ್ನ ಬೈಯೋಕೆ ಬಾಯಿ ಬರಲಿಲ್ಲ. ನಾನೇ ಆ ಊರಲ್ಲಿದ್ದಿದ್ರೆ ನಾನೂ ಹಂಪ್ ಕೇಳ್ತಿದ್ದೆ.

ನೋವು ಇನ್ನೂ ಸರಿಯಾಗಿ ಏರಿರಲಿಲ್ಲ, ಸಿಟ್ಟು ಏರಿತ್ತು. ಎಡಗೈ ಎದೆಗೊತ್ಕೊಂಡು, ಮೊಬೈಲ್ ಬಾಯಲ್ಲಿ ಕಚ್ಕೊಂಡು, ಅದರ ಬೆಳಕಲ್ಲಿ ಬಲಗೈ ಗೇಣು ಹಾಕಿ ಹಂಪ್ ಅಳೆದೆ. ಎತ್ತರ ಸರಿಯಾಗಿ ಒಂದು ಗೇಣು. ಅಗಲ ಮೂರು ಗೇಣಿಲ್ಲ. ಗೋಡೆ ಅದು. ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋದೇನು ಗೊತ್ತಾ? ಉಬ್ಬು 3.7 ಮೀಟರ್ ಅಗಲ ಇರಬೇಕು, 10 ಸೆಂಟಿಮೀಟರ್ ಎತ್ತರ, ಗುಡ್ಡದ ಬೆನ್ನಿನ ಥರ ನುಣ್ಣಗೆ. ಮೇಲೆ ಕಪ್ಪು ಬಿಳಿ ಪಟ್ಟೆ. 40 ಮೀಟರ್ ಮುಂಚೆಯೇ ಬೋರ್ಡು. ಇದರಲ್ಲಿ ಒಂದಾದ್ರೂ? ಪಟ್ಟೆ ಬಳಿಯೋಕೆ ಎಷ್ಟು ಖರ್ಚಾಗುತ್ತೆ ಹೇಳಿ, ಉದ್ಘಾಟನೆ ದಿನದ ಹೂವಿನ ಹಾರದ ದುಡ್ಡಲ್ಲಿ ಇಡೀ ತಾಲೂಕಿನ ಹಂಪಿಗೆ ಬಳೀಬಹುದಿತ್ತು.

ಕಾನೂನೂ ಇದೆ ಮತ್ತೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ 198ಎ ಅಂತ ಒಂದು ಕಲಮು ಸೇರಿಸಿದ್ರು. ರಸ್ತೆಯನ್ನ ನಿಯಮದ ಪ್ರಕಾರ ಕಟ್ಟದೆ, ಅದರಿಂದ ಯಾರಾದ್ರೂ ಸತ್ರೆ ಅಥವಾ ಅಂಗವಿಕಲರಾದ್ರೆ, ಕಟ್ಟಿಸಿದವರಿಗೆ ಒಂದು ಲಕ್ಷದವರೆಗೆ ದಂಡ. ನನ್ನ ಕೈ ಆರು ವಾರದಲ್ಲಿ ಕೂಡ್ಕೊಳ್ಳುತ್ತಂತೆ. ಅಂದ್ಮೇಲೆ ನಾನು ಲೆಕ್ಕಕ್ಕಿಲ್ಲ. ಅದೇ ನಾನು ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದಿದ್ರೆ ಐನೂರು ರೂಪಾಯಿ ಅಲ್ಲೇ ಕ್ಯಾಮೆರಾದಲ್ಲಿ ಬಿದ್ದಿರೋದು. ಬೀಳಲಿ, ನ್ಯಾಯವೇ. ಹಂಪಿನ ಫೋಟೋ ತೆಗೆಯೋಕೆ ಯಾವ ಕ್ಯಾಮೆರಾ ಇದೆ?

ಈಗ ಮನೇಲಿ ಬೈಕ್ ಮಾರೋ ಮಾತು. ಅಮ್ಮ ತುಪ್ಪದ ಸೀಸೆ ಒಡೀಲಿಲ್ಲ ಅಂತ ಕೇಳಿ ದೇವರಿಗೆ ಕೈ ಮುಗಿದಳು, ಆಮೇಲೆ "ಆ ಹಾಳುಗಾಡಿ ಮಾರಿಬಿಡು ಮಗ" ಅಂದಳು. ಹೆಂಡ್ತಿ ಬಾಯಲ್ಲಿ ಏನೂ ಹೇಳಿಲ್ಲ, ನಿನ್ನೆ ಫೋನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿದ್ದಳು. ಮಾವನೋರು ಡೌನ್ ಪೇಮೆಂಟ್ ಕೊಡ್ತಾರಂತೆ. ಕಾರು ತಗೊಂಡ್ರೆ ಮೇಲಿನ ರಸ್ತೆ, ಬಿದ್ದ ಹಂಪ್ ಕೆಳಗೇ ಉಳಿಯುತ್ತೆ, ಮುಂದಿನ ಭಾನುವಾರ ಇನ್ಯಾವನೋ ಹುರುಳಿಕಾಳು ಹೊತ್ಕೊಂಡು ಬರ್ತಾನೆ.

ಟೀ ಅಂಗಡಿಯವರಿಗೆ ಮೊನ್ನೆ ಫೋನ್ ಮಾಡಿದ್ದೆ. ಅವರೇ ಒಂದು ಕೋಲು ನೆಟ್ಟು ಕೆಂಪು ಪ್ಲಾಸ್ಟಿಕ್ ಕವರ್ ಕಟ್ಟಿದ್ರಂತೆ, ಅದನ್ನ ಯಾವುದೋ ಟ್ರ್ಯಾಕ್ಟರ್ ಎಗರಿಸಿಕೊಂಡು ಹೋಯ್ತಂತೆ. ಪ್ಲಾಸ್ಟರ್ ಬಿಚ್ಚಿದ ದಿನ ಎರಡು ಲೀಟರ್ ಬಿಳಿ ಪೇಂಟ್ ತಗೊಂಡು ಬಸ್ಸಲ್ಲಿ ಬರ್ತೀನಿ ಅಂದೆ. ಬ್ರಷ್ಷು ನಂದೇ ಇದೆ ಬನ್ನಿ ಅಂದ್ರು. ಸರ್ಕಾರಿ ರಸ್ತೆಗೆ ಬಣ್ಣ ಬಳಿದ ಅಂತ ಕೇಸ್ ಹಾಕೋಕೆ ಮಾತ್ರ ಅವತ್ತೇ ಯಾರಾದ್ರೂ ಬಂದಿರ್ತಾರೆ ನೋಡ್ತಿರಿ.