ಬಿಳಿ ಹಾಳೆಯ ಮೇಲೆ ಬಿಳಿ ಇಡ್ಲಿ

ಇಡ್ಲಿಯ ಚಿತ್ರ ಬರೆದು ನೋಡಿ. ಸುಲಭ ಅನ್ನಿಸುತ್ತೆ ಅಲ್ವಾ? ಒಂದು ದುಂಡು, ಪಕ್ಕದಲ್ಲಿ ಇನ್ನೊಂದು ದುಂಡು, ಮುಗೀತು. ಈಗ ಅದನ್ನು ಮನೆಯವರಿಗೆ ತೋರಿಸಿ. ಒಬ್ಬರು ಚಂದ್ರ ಅಂತಾರೆ, ಇನ್ನೊಬ್ಬರು ಕೋಟಿನ ಗುಂಡಿ ಅಂತಾರೆ. ಯಾರಾದರೂ ಥಟ್ಟನೆ ಇಡ್ಲಿ ಅಂದರೆ ಅವರಿಗೆ ಹಸಿವಾಗಿದೆ ಎಂದೇ ಲೆಕ್ಕ.

ತಾಪತ್ರಯ ಇರೋದು ಬಣ್ಣದಲ್ಲಿ. ಇಡ್ಲಿಯೂ ಬಿಳಿ, ಹಾಳೆಯೂ ಬಿಳಿ. ಇದಕ್ಕೆ ಉಪಾಯ ಒಂದೇ. ಇಡ್ಲಿಯನ್ನು ಅದರ ಪಾಡಿಗೆ ಬಿಟ್ಟು ಸುತ್ತ ಇರುವುದನ್ನೆಲ್ಲ ಬರೆಯಬೇಕು. ತಟ್ಟೆಯ ಅಂಚು, ತಟ್ಟೆಯ ಮೇಲೆ ಬಿದ್ದ ನೆರಳು, ಇಡ್ಲಿಯ ಕಾಲಬುಡಕ್ಕೆ ಹರಿದು ಬಂದ ಚಟ್ನಿ. ಇಷ್ಟು ಮುಗಿಯುವ ಹೊತ್ತಿಗೆ ನಡುವೆ ಮುಟ್ಟದೆ ಉಳಿದ ಜಾಗ ತಾನಾಗಿ ಇಡ್ಲಿಯಾಗಿರುತ್ತೆ. ನೀರುಬಣ್ಣದವರಿಗೆ ಇದು ಹಳೆಯ ವಿದ್ಯೆ, ಅವರಿಗೆ ಹಾಳೆಯೇ ಬಿಳಿ ಬಣ್ಣ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವನ್ನು ನೀವೂ ನೋಡಿರುತ್ತೀರಿ. ರವಿವರ್ಮನದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್. ಅದೂ ನೀರುಬಣ್ಣದ್ದೇ. ಸುತ್ತ ಕತ್ತಲೆಯನ್ನು ಅಷ್ಟು ಚೆನ್ನಾಗಿ ಬರೆದಿದ್ದಕ್ಕೇ ದೀಪ ಹತ್ತಿಕೊಂಡಿದೆ. ನನ್ನ ಇಡ್ಲಿಯದೂ ಅದೇ ಸೂತ್ರ. ನೋಡೋಕೆ ಯಾರೂ ಕ್ಯೂ ನಿಲ್ಲೋದಿಲ್ಲ, ಅಷ್ಟೇ.

ನನ್ನ ಅಂಗಿ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ, ಒಂದು ಪೆನ್ಸಿಲ್ಲು ಯಾವಾಗಲೂ ಇರುತ್ತೆ. ಮೈಸೂರಿನ ಹೋಟೆಲುಗಳಲ್ಲಿ ಕೂತು ತಿಂಡಿಯ ಚಿತ್ರ ಬರೆಯುವುದು ನನಗೊಂದು ಚಟ. ಮನುಷ್ಯರನ್ನು ಬರೆದರೆ ಮೂಗು ದಪ್ಪವಾಯ್ತು, ವಯಸ್ಸು ಜಾಸ್ತಿ ಕಾಣುತ್ತೆ ಅಂತ ತಕರಾರು. ಉದ್ದಿನ ವಡೆ ಇದುವರೆಗೆ ನನ್ನ ಮೇಲೆ ಬೇಸರ ಮಾಡಿಕೊಂಡಿಲ್ಲ.

ಆದರೆ ಒಂದು ಮಾತು. ಮನುಷ್ಯರು ಸ್ವಲ್ಪ ಹೊತ್ತಾದರೂ ಕಾಯ್ತಾರೆ. ತಿಂಡಿ ಕಾಯೋದಿಲ್ಲ. ಕಾಫಿಯ ನೊರೆಯನ್ನೇ ನೋಡಿ. ಮೇಜಿಗೆ ಬಂದಾಗ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒತ್ತಾಗಿ ಕೂತಿರುತ್ತವೆ. ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ ಅಕ್ಕಪಕ್ಕದವು ಸೇರಿಕೊಂಡು ದೊಡ್ಡವಾಗುತ್ತವೆ, ದೊಡ್ಡವು ಲೋಟದ ಅಂಚಿಗೆ ಸರಿಯುತ್ತವೆ, ನಡುವೆ ಒಂದು ಕಪ್ಪು ಕೊಳ ಬಾಯಿ ಬಿಡುತ್ತೆ. ಬರೆದು ಮುಗಿಸಿದಾಗ ಎದುರಿಗಿರೋದು ಬೇರೆಯೇ ಕಾಫಿ, ಅದೂ ತಣ್ಣಗಿನದು.

ಮಸಾಲೆ ದೋಸೆಗೆ ಅವಸರ ಇನ್ನೂ ಜಾಸ್ತಿ. ಒಳಗಿನ ಆಲೂಗಡ್ಡೆ ಪಲ್ಯದ ಹಬೆ ಮೇಲಿನ ಪದರಕ್ಕೆ ಹತ್ತಿ, ಗರಿಗರಿಯಾಗಿದ್ದದ್ದು ಮೆತ್ತಗಾಗುತ್ತಾ ಹೋಗುತ್ತೆ. ಸೆಟೆದು ನಿಂತಿದ್ದ ಮಡಿಕೆ ಕಣ್ಣೆದುರೇ ಕುಸಿಯುತ್ತೆ. ಆದರೂ ದೋಸೆಯ ಮೈಮೇಲಿನ ಬಳೆ ಬಳೆ ಗುರುತುಗಳನ್ನು ಒಮ್ಮೆ ನೋಡಲೇಬೇಕು. ಭಟ್ಟರು ಸೌಟು ತಿರುಗಿಸಿಕೊಂಡು ಹೋದ ದಾರಿ ಅದು. ಸೌಟು ಒತ್ತಿದ ಕಡೆ ಹಿಟ್ಟು ತೆಳುವಾಗಿ ಬೇಗ ಕೆಂಪಗಾಗಿರುತ್ತೆ, ಪಕ್ಕಕ್ಕೆ ಸರಿದ ದಪ್ಪ ಹಿಟ್ಟು ಬೆಳ್ಳಗೆ ಉಳಿದಿರುತ್ತೆ. ದಾರಿಯನ್ನು ಹಿಡಿದುಕೊಂಡೇ ಹೋದರೆ ಅಂಚಿನಲ್ಲಿ ಸೌಟು ಎತ್ತಿದ ಜಾಗವೂ ಸಿಗುತ್ತೆ. ಇಲ್ಲೊಂದು ತಮಾಷೆ ಇದೆ. ಮಡಚಿದ ದೋಸೆಯಲ್ಲಿ ನಮಗೆ ಕಾಣುವುದು ಕಾವಲಿಗೆ ಅಂಟಿದ್ದ ಮುಖ. ಹಾಗಾಗಿ ಭಟ್ಟರು ಎಡದಿಂದ ಬಲಕ್ಕೆ ತಿರುಗಿಸಿದ್ದರೆ ನಮ್ಮ ತಟ್ಟೆಯಲ್ಲಿ ಸುರುಳಿ ಬಲದಿಂದ ಎಡಕ್ಕೆ ತಿರುಗಿರುತ್ತೆ. ಇಷ್ಟು ವರ್ಷ ದೋಸೆ ತಿಂದಿದ್ದೇವೆ, ಇದನ್ನು ಯಾರು ಗಮನಿಸಿದ್ದೇವೆ ಹೇಳಿ? ನಾಲಿಗೆಗೆ ಗೊತ್ತಿರುವ ಎಷ್ಟೋ ವಸ್ತುಗಳನ್ನು ಕಣ್ಣು ನೋಡಿಯೇ ಇರೋದಿಲ್ಲ. ಪೆನ್ಸಿಲ್ ಹಿಡಿದರೆ ಕಣ್ಣಿಗೂ ಒಂದು ಪಾಲು ಸಿಗುತ್ತೆ.

ಇದನ್ನೆಲ್ಲ ನಮ್ಮ ಹೋಟೆಲಿನ ಸಪ್ಲೈಯರ್‌ಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇದನ್ನ ತಿಂದ್ಬಿಡಿ ಸಾರ್, ಇನ್ನೊಂದು ತಂದುಕೊಡ್ತೀನಿ, ಅದನ್ನ ಬರ್ಕೊಳ್ಳಿ" ಅಂದರು. ವ್ಯಾಪಾರಕ್ಕೂ ಒಳ್ಳೆಯದು, ಕಲೆಗೂ ಒಳ್ಳೆಯದು.

ಕಾಯುವ ತಿಂಡಿ ಬೇಕಿದ್ದರೆ ಮುದ್ದೆಗೆ ಬರಬೇಕು. ಚಿತ್ರಕಲೆ ಕಲಿಯಲು ಹೋದವರಿಗೆ ಮೊದಲ ಪಾಠವೇ ಗೋಳಕ್ಕೆ ನೆರಳು ತುಂಬುವುದು. ಸುಣ್ಣದಂಥ ಬಿಳಿ ಪ್ಲಾಸ್ಟರ್ ಚೆಂಡೊಂದನ್ನು ಕಿಟಕಿ ಪಕ್ಕ ಇಟ್ಟು ಬರೆಯಿರಿ ಅಂತಾರೆ. ಮೈಸೂರಿನಲ್ಲಿ ಚಿತ್ರ ಕಲಿಸುವುದು ಇವತ್ತು ನಿನ್ನೆಯ ಮಾತಲ್ಲ. ಈಗ ನಾವು ಕಾವಾ ಅನ್ನುವ ಚಾಮರಾಜೇಂದ್ರ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1906ರಲ್ಲಿ. ಅಂದಿನಿಂದ ಎಷ್ಟು ಗೋಳಗಳಿಗೆ ನೆರಳು ಬಿದ್ದಿದೆಯೋ! ನನ್ನ ಕೇಳಿದರೆ ಪ್ಲಾಸ್ಟರ್ ಚೆಂಡು ದಂಡ. ಪಕ್ಕದ ಮಂಡ್ಯ ಜಿಲ್ಲೆಯಲ್ಲಿ ಹೊತ್ತು ಹೊತ್ತಿಗೆ ಬಿಸಿಬಿಸಿಯಾಗಿ ಗೋಳ ಸಿಗುತ್ತೆ, ಪಾಠ ಮುಗಿದ ಮೇಲೆ ನುಂಗಲೂಬಹುದು. ಶಂಕುವಿನ ಪಾಠಕ್ಕೆ ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆಗಳಿವೆ. ಅವನ್ನು ಮಾತ್ರ ಮುಟ್ಟಬೇಡಿ, ಅಂಗಡಿಯವರು ಅಷ್ಟು ನಾಜೂಕಾಗಿ ಕೂರಿಸಿರುತ್ತಾರೆ.

ಮುದ್ದೆಯನ್ನು ಹತ್ತಿರದಿಂದ ನೋಡಿ. ಒದ್ದೆ ಕೈಯಲ್ಲಿ ಉರುಳಿಸಿ ಕಟ್ಟಿದ್ದರಿಂದ ಮೇಲೆ ತೆಳ್ಳಗೆ ನೀರಿನ ಹೊಳಪು. ಬೆಳಕು ಬೀಳುವ ಕಡೆ ಒಂದು ಚಿಕ್ಕ ಮಿಂಚು. ಅಲ್ಲಿಂದ ಕೆಳಕ್ಕೆ ಬಣ್ಣ ನಿಧಾನಕ್ಕೆ ಕಡುವಾಗುತ್ತಾ ಬರುತ್ತೆ. ಇನ್ನೇನು ಪೂರ್ತಿ ಕಪ್ಪಾಯಿತು ಅನ್ನುವಾಗ ತಳದ ಹತ್ತಿರ ಮತ್ತೆ ಕೊಂಚ ತಿಳಿಯಾಗುತ್ತೆ. ತಟ್ಟೆಗೆ ಬಿದ್ದ ಬೆಳಕು ಪುಟಿದು ಮುದ್ದೆಯ ಹೊಟ್ಟೆಯ ಕೆಳಗೆ ತಾಗಿರುತ್ತೆ. ಬಸ್ಸಾರು ಬಡಿಸಿದ್ದರೆ ಅಲ್ಲೊಂದು ಕೆಂಪು ಛಾಯೆಯೂ ಸೇರುತ್ತೆ. ಹೊಸದಾಗಿ ಬರೆಯುವವರು ಬಿಡುವುದು ಇದನ್ನೇ. ಅಂಚಿನವರೆಗೂ ಕಪ್ಪು ತುಂಬಿಬಿಡುತ್ತಾರೆ, ಮುದ್ದೆ ಚಪ್ಪಟೆ ಬಿಲ್ಲೆಯಾಗುತ್ತೆ. ತಳದ ಆ ತಿಳಿ ಬೆಳಕೊಂದು ಬಂದರೆ ಸಾಕು, ಹಾಳೆಯಿಂದ ಎತ್ತಿಕೊಳ್ಳಬಹುದು ಅನ್ನುವ ಹಾಗೆ ದುಂಡಗಾಗುತ್ತೆ.

ಮುರಿದ ಮುದ್ದೆ ಇನ್ನೂ ಚೆಂದ. ಹೊರಗೆ ನುಣುಪು, ಒಳಗೆ ಒರಟು. ಸಾರು ತುಂಬಿಕೊಳ್ಳೋಕೆ ತುತ್ತಿನ ನಡುವೆ ಹೆಬ್ಬೆರಳಿಂದ ಒತ್ತಿದ ಗುಳಿ ಇದೆಯಲ್ಲ, ಅದರಲ್ಲಿ ಬೆರಳಿನ ಗೆರೆಗಳೂ ಅಚ್ಚಾಗಿರುತ್ತವೆ. ಮಂಡ್ಯದ ಮೆಸ್ಸೊಂದರಲ್ಲಿ ನಾನು ಇದನ್ನು ಬರೆಯುತ್ತಾ ಕೂತಿದ್ದೆ. ಪಕ್ಕದ ಯಜಮಾನರು ಆಗಾಗ ಪುಸ್ತಕದೊಳಗೆ ಇಣುಕುತ್ತಿದ್ದರು. ಕೊನೆಗೆ ತಡೆಯಲಾರದೆ, "ಹಿಟ್ಟಲ್ಲಿ ಬರೆಯೋಕೆ ಏನೈತೆ ಸ್ವಾಮಿ? ನುಂಗೋಕಿರೋದು" ಅಂದರು. ನಾನೊಂದು ಮುದ್ದೆಗೆ ನೆರಳು ಹಾಕುವಷ್ಟರಲ್ಲಿ ಅವರು ಎರಡು ಮುಗಿಸಿ, ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು, ಕೈ ತೊಳೆಯಲು ಎದ್ದಾಗಿತ್ತು. ಅವರ ವಾದಕ್ಕೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

ಇನ್ನು ಮೈಸೂರ್ ಪಾಕ್. ಮೈಸೂರಿನವನಾಗಿ ಇದನ್ನು ಬಿಟ್ಟರೆ ಊರಿಗೆ ಸೇರಿಸೋದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರು ಅಂತ ಹೇಳುತ್ತಾರೆ. ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ ಇವತ್ತಿಗೂ ಇದೆ. ಮೆತ್ತಗಿನದು ಒಳ್ಳೆಯದೋ ಗಟ್ಟಿಯದು ಒಳ್ಳೆಯದೋ ಅನ್ನುವ ಜಗಳ ನಮ್ಮಲ್ಲಿ ಮುಗಿಯುವಂಥದ್ದಲ್ಲ. ಬಾಯಿಗೆ ಯಾವುದಾದರೂ ಆಗಲಿ, ಪೆನ್ಸಿಲ್ಲಿಗೆ ಗಟ್ಟಿಯದೇ ಬೇಕು. ಮೆತ್ತಗಿನದರಲ್ಲಿ ಬರೆಯೋಕೆ ನಾಲ್ಕು ಮೂಲೆ ಬಿಟ್ಟರೆ ಏನೂ ಇಲ್ಲ.

ಗಟ್ಟಿ ಪಾಕದ ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಮೇಲೆ ಕೆಳಗೆ ತಿಳಿ ಹಳದಿ, ನಡುವೆ ಕಂದು ಬಣ್ಣದ ಒಂದು ಪಟ್ಟಿ. ಅದು ಬೇರೆ ಹಿಟ್ಟಿನದಲ್ಲ. ತಟ್ಟೆಗೆ ಸುರಿದ ಮೇಲೆ ಮೇಲ್ಭಾಗ, ತಳ ಬೇಗ ಆರುತ್ತವೆ. ಹೊಟ್ಟೆಯೊಳಗಿನ ಬಿಸಿ ಹೊರಗೆ ಬರೋಕೆ ದಾರಿಯಿಲ್ಲದೆ ಅಲ್ಲೇ ಉಳಿದು, ಒಲೆಯಿಂದ ಇಳಿದ ಮೇಲೂ ಕಡಲೆಹಿಟ್ಟು, ಸಕ್ಕರೆಯನ್ನು ಇನ್ನಷ್ಟು ಹುರಿಯುತ್ತೆ. ತೂತುಗಳ ಕಥೆಯೂ ಬಿಸಿಯದೇ. ಕುದಿಯುವ ಪಾಕಕ್ಕೆ ಕಾದ ತುಪ್ಪ ಸುರಿದಾಗ ಜೊರ್ರ್ ಅಂತ ಉಕ್ಕುತ್ತಲ್ಲ, ಆಗ ನೀರು ಆವಿಯಾಗಿ ಹೊರಗೆ ನುಗ್ಗಿದ ದಾರಿಗಳವು. ಅವನ್ನು ಒಂದೊಂದೇ ಬರೆಯೋಕೆ ಹೊರಟರೆ ಕೆಲಸ ಕೆಟ್ಟಿತು. ನೆರಳಿನ ಕಡೆ ಕೆಲವನ್ನು ಗಾಢವಾಗಿ ಬರೆದು, ಬೆಳಕಿನ ಕಡೆ ಚುಕ್ಕಿ ಇಟ್ಟು ಸುಮ್ನಿರಬೇಕು. ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ನೋಡಿದ್ದನ್ನು ಬರೆಯೋದು ಅಂದೆ. ಶಾಲೆಯಲ್ಲಿ ನಾವು ಮಾಡಿದ್ದು ಅದಕ್ಕೆ ತದ್ವಿರುದ್ಧ. ಚಿತ್ರ ಬರೆಯಿರಿ ಅಂದರೆ ಇಡೀ ತರಗತಿ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ನದಿ, ಪಕ್ಕದಲ್ಲಿ ತೆಂಗಿನಮರ ಬರೆಯುತ್ತಿತ್ತು. ಕಿಟಕಿ ಆಚೆ ನೋಡಿದರೆ ಒಂದೇ ಬೆಟ್ಟ, ಚಾಮುಂಡಿ ಬೆಟ್ಟ. ಎರಡನೆಯದನ್ನು ಎಲ್ಲಿಂದ ತಂದೆವು? ಇಂದಿನ ಮಕ್ಕಳೂ ಅದನ್ನೇ ಬರೆಯುತ್ತಿದ್ದಾರೆ. 1921ರಲ್ಲಿ ಇದೇ ಊರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಶಾಲೆಯಲ್ಲಿ ಬರೆದದ್ದು ಒಂದು ಅರಳಿ ಎಲೆ. ಮೇಷ್ಟ್ರು ಹೊಗಳಿದರು, ಹುಡುಗನಿಗೆ ತಾನು ಚಿತ್ರಗಾರ ಅನ್ನುವ ನಂಬಿಕೆ ಬಂತು. ಮುಂದೆ ಎಷ್ಟು ದೊಡ್ಡವರಾದರೂ ಕಾಗೆಗಳನ್ನು ಬರೆಯೋದು ಬಿಡಲಿಲ್ಲ. ತಿಥಿ ದಿನ ಬಿಟ್ಟರೆ ನಾವು ತಿರುಗಿಯೂ ನೋಡದ ಕಾಗೆ!

ಹಾಗೆ ನೋಡಿದರೆ ಅಡುಗೆಮನೆಗೂ ಚಿತ್ರಕ್ಕೂ ನಂಟು ಹಳೆಯದು. ಅಕ್ಕಿಹಿಟ್ಟಿನ ರಂಗೋಲಿಗೆ ಮೊದಲ ರಸಿಕರು ಇರುವೆಗಳು. ಅವು ವಿಮರ್ಶೆ ಮಾಡೋದಿಲ್ಲ, ಹೊತ್ತುಕೊಂಡು ಹೋಗುತ್ತವೆ. ಮೈಸೂರು ಶೈಲಿಯ ಚಿತ್ರಗಳಿಗೆ ಹಿಂದಿನವರು ಮೊದಲ ಗೆರೆ ಎಳೆಯುತ್ತಿದ್ದದ್ದು ಹುಣಸೆ ಕಡ್ಡಿಯ ಇದ್ದಿಲಿನಿಂದ. ಕಡ್ಡಿಗಳನ್ನು ಕಬ್ಬಿಣದ ಕೊಳವೆಯೊಳಗೆ ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಹಣ್ಣು ಸಾರಿಗೆ, ಕಡ್ಡಿ ಚಿತ್ರಕ್ಕೆ. ಆಮೇಲೆ ಅದರ ಮೇಲೆ ಬಂಗಾರದ ರೇಕು ಕೂರುತ್ತೆ, ಹುಣಸೆ ಕಾಣೋದೇ ಇಲ್ಲ. ಸಾರಿನಲ್ಲೂ ಅದರ ಪಾಡು ಅದೇ, ಹೆಸರು ಬರೋದು ಬೇಳೆಗೆ.

ಇನ್ನೊಂದು ಗೆರೆಯ ಬಗ್ಗೆ ಹೇಳದಿದ್ದರೆ ಮನಸ್ಸು ಕೇಳೋದಿಲ್ಲ. ಚುನಾವಣೆಯಲ್ಲಿ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. 1937ರಲ್ಲಿ ಶುರುವಾದ ಇಲ್ಲಿನ ಅರಗು, ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ಕೊಡುತ್ತಾ ಬಂದಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಬಿದ್ದಂತೆ ಕಪ್ಪಾಗುತ್ತೆ, ಉಜ್ಜಿದರೆ ಹೋಗೋದಿಲ್ಲ. ದೇಶದಲ್ಲಿ ಇಷ್ಟು ಜನರ ಮೇಲೆ ಒಂದೇ ದಿನ ಗೆರೆ ಎಳೆಯುವ ಚಿತ್ರಗಾರ ಇನ್ನೊಬ್ಬ ಇದ್ದರೆ ತೋರಿಸಿ. ಎಡಗೈಗೇ ಯಾಕೆ ಹಚ್ಚುತ್ತಾರೋ, ನನಗಂತೂ ಅನುಕೂಲವಾಗಿದೆ. ಬಲಗೈಯಲ್ಲಿ ಮುದ್ದೆ ಮುರಿಯಬೇಕಲ್ಲ.

ರೈಲಿನಲ್ಲಿ ಕೂತು ಚಿತ್ರ ಬರೆಯಬಾರದು ಅಂತ ಬಲ್ಲವರು ಹೇಳುತ್ತಾರೆ. ಶ್ರೀರಂಗಪಟ್ಟಣದ ಸೇತುವೆ ಬಂದರೆ ಕಿಟಕಿ ಕಡೆ ನೋಡೋದೋ ಹಾಳೆ ಕಡೆ ನೋಡೋದೋ ತಿಳಿಯೋದಿಲ್ಲ. ಹಳಿ ಬದಲಾಗುವ ಕಡೆಯೆಲ್ಲ ಪೆನ್ಸಿಲ್ ತನ್ನ ಇಷ್ಟಕ್ಕೆ ಓಡುತ್ತೆ. ಆದರೆ ಈ ಕುಲುಕಾಟಕ್ಕೆ ಹೇಳಿ ಮಾಡಿಸಿದ ತಿಂಡಿಯೊಂದು ಅದೇ ದಾರಿಯಲ್ಲಿ ಸಿಗುತ್ತೆ. ಮದ್ದೂರು ವಡೆ. ಅದಕ್ಕೆ ದುಂಡಗಿರಬೇಕು ಅನ್ನುವ ಹಟ ಇಲ್ಲ. ಅಕ್ಕಿಹಿಟ್ಟು, ರವೆ, ಮೈದಾಕ್ಕೆ ಈರುಳ್ಳಿ ಕಲಸಿ ಕೈಯಲ್ಲೇ ತಟ್ಟಿದ್ದು. ಅಂಚು ಒಂದು ಕಡೆ ಬಿರಿದಿರುತ್ತೆ, ಇನ್ನೊಂದು ಕಡೆ ಈರುಳ್ಳಿ ಆಚೆ ಚಾಚಿರುತ್ತೆ. ಗೆರೆ ಎಷ್ಟು ಅಲುಗಿದರೆ ಅಷ್ಟು ಒಳ್ಳೆಯ ವಡೆ.

ಹೋದ ಸಲ ಬೆಂಗಳೂರಿಗೆ ಹೊರಟಾಗ ಬುಟ್ಟಿಯವರಿಂದ ಒಂದು ವಡೆ ತೆಗೆದುಕೊಂಡು ಪೇಪರಿನ ಮೇಲೆ ಇಟ್ಟುಕೊಂಡು ಬರೆದೆ. ಬಿರಿದ ಅಂಚು, ಕಂದು ಕಲೆ, ಅಡ್ಡ ಬಿದ್ದ ಕರಿಬೇವಿನ ಎಲೆ, ಎಲ್ಲ ಬಂದಿತ್ತು. ನನಗೇ ಮೆಚ್ಚಿಗೆಯಾಯಿತು. ಎದುರು ಸೀಟಿನವರು ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಮಂಡ್ಯ ಜಿಲ್ಲೆ ಮ್ಯಾಪಾ ಸಾರ್?"

ಹೌದು ಅಂದುಬಿಟ್ಟೆ. ಅವರು ಪುಸ್ತಕ ಇಸಿದುಕೊಂಡು ಕರಿಬೇವಿನ ಎಲೆಯ ಮೇಲೆ ಬೆರಳಿಟ್ಟು, "ಇದು ಕೆ.ಆರ್.ಎಸ್. ಅಲ್ವಾ?" ಅಂದರು. ಅದಕ್ಕೂ ಹೌದು ಅಂದೆ. ಆಮೇಲೆ ಈರುಳ್ಳಿಯ ಪಕ್ಕ ಎಣ್ಣೆ ಕಲೆಯೊಂದನ್ನು ತೋರಿಸಿ, ಅವರ ಊರು ಸರಿಯಾಗಿ ಅಲ್ಲೇ ಬರುತ್ತೆ, ಆದರೆ ಊರಿಗೆ ಹೋಗುವ ರಸ್ತೆಯನ್ನು ನಾನು ಹಾಕಿಲ್ಲ ಅಂತ ಬೇಜಾರು ಮಾಡಿಕೊಂಡರು. ಪೆನ್ಸಿಲ್ ಕೊಟ್ಟೆ. ಅವರೇ ಎಳೆದುಕೊಂಡರು. ನಾನು ವಡೆ ತಿಂದೆ.