ಹುಲಿ ಎಣಿಸಿ ಆಯಿತು, ನಾಯಿ ಎಣಿಸಿ ಆಯಿತು

ಶಿರಸಿ ಪೇಟೆಯಲ್ಲಿ ಎಷ್ಟು ಜನ ಇದ್ದಾರೆ? ಸರ್ಕಾರವನ್ನು ಕೇಳಿ ನೋಡಿ, ತಡವರಿಸದೆ ಹೇಳುತ್ತದೆ: 62 ಸಾವಿರ ಚಿಲ್ಲರೆ. 2011ರಲ್ಲೂ ಅಷ್ಟೇ, ಇವತ್ತೂ ಅಷ್ಟೇ. ಸಂಜೆ ಹೊತ್ತು ಐದು ರಸ್ತೆ ಸರ್ಕಲ್ ದಾಟಲು ನಿಂತವರಿಗೆ ಇದನ್ನು ನಂಬುವುದು ಸ್ವಲ್ಪ ಕಷ್ಟ. ಆದರೆ ದಾಖಲೆ ಇರುವುದು ಸರ್ಕಾರದ ಹತ್ತಿರ. ನಮ್ಮ ಹತ್ತಿರ ಇರುವುದು ಬರೀ ಕಣ್ಣು.

ಜನಗಣತಿಯ ಆ ಲೆಕ್ಕ 2011ರ ಮಾರ್ಚ್ 1ಕ್ಕೆ ನಿಂತಿದೆ. ಆಮೇಲೆ ಹುಟ್ಟಿದ ಮಕ್ಕಳು ಎಸ್ಸೆಸ್ಸೆಲ್ಸಿ ಹತ್ತಿರ ಬಂದಿದ್ದಾರೆ. ಅವರಿಗೆ ಆಧಾರ್ ಇದೆ, ಮೊಬೈಲ್ ಇದೆ, ಕೆಲವರಿಗೆ ಮೀಸೆಯೂ ಮೂಡಿದೆ. ಗಣತಿ ಪುಸ್ತಕದಲ್ಲಿ ಮಾತ್ರ ಅವರು ಇನ್ನೂ ಹುಟ್ಟಿಲ್ಲ. ಇನ್ನು ತೀರಿಕೊಂಡ ಹಿರಿಯರ ಕಥೆ. ಮನೆಯಲ್ಲಿ ವರ್ಷ ವರ್ಷ ಶ್ರಾದ್ಧ ಮಾಡುತ್ತೇವೆ, ಕಾಗೆಗೆ ಪಿಂಡ ಇಡುತ್ತೇವೆ. ಸರ್ಕಾರದ ಲೆಕ್ಕದಲ್ಲಿ ಅಜ್ಜ ಈಗಲೂ ವಾರ್ಡಿನ ಕಾಯಂ ನಿವಾಸಿ.

1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಕೊಂಡು ಬಂದ ಜನಗಣತಿ ಇದು. 2021ರದ್ದು ಕೊರೊನಾ ಅಂತ ಮುಂದೆ ಹೋಯಿತು. ಸರಿ, ಒಪ್ಪೋಣ. ಕೊರೊನಾ ಹೋಯಿತು. ಮದುವೆ ನಡೆದವು, ವಿಧಾನಸಭೆ ಚುನಾವಣೆ ಆಯಿತು, ಲೋಕಸಭೆ ಚುನಾವಣೆಯೂ ಆಯಿತು. ಗಣತಿ ಮಾತ್ರ ಮಾಸ್ಕ್ ಹಾಕಿಕೊಂಡೇ ಕೂತಿತ್ತು.

ಹಾಗಂತ ಸರ್ಕಾರಕ್ಕೆ ಎಣಿಸಲು ಬರುವುದಿಲ್ಲ ಅಂದುಕೊಳ್ಳಬೇಡಿ. 2012ರಲ್ಲಿ ಜಾನುವಾರು ಗಣತಿ ಆಯಿತು. 2019ರಲ್ಲಿ ಮತ್ತೊಮ್ಮೆ ಆಯಿತು. 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಶುರುವಾಯಿತು. ಕೊಟ್ಟಿಗೆಯ ದನ ಬಿಡಿ, ಬಿಡಾಡಿ ದನ, ಬೀದಿನಾಯಿಗೂ ಅದರಲ್ಲಿ ಜಾಗ ಇದೆ. ನಮ್ಮದೇ ಜಿಲ್ಲೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹುಲಿಗಳದ್ದು ಇನ್ನೂ ಒಳ್ಳೆಯ ಯೋಗ. ನಾಲ್ಕು ವರ್ಷಕ್ಕೊಮ್ಮೆ, 2014, 2018, 2022, ಒಂದೂ ತಪ್ಪಿಲ್ಲ. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆ ನೋಡಿ, ಇದು ಆ ಹುಲಿ, ಅದು ಈ ಹುಲಿ ಅಂತ ಗುರುತು ಹಿಡಿಯುತ್ತಾರೆ. ಶಿರಸಿಯವರಿಗೆ ಮೈಮೇಲೆ ಪಟ್ಟೆ ಇಲ್ಲದ್ದೇ ತಪ್ಪಾಯಿತೇನೋ.

ಮತದಾರರ ಪಟ್ಟಿಯಂತೂ ವರ್ಷ ವರ್ಷ ತಿದ್ದುಪಡಿ ಆಗುತ್ತದೆ. ಓಟು ಹಾಕುವ ಬೆರಳು ಲೆಕ್ಕಕ್ಕೆ ಸಿಗುತ್ತದೆ, ನೀರು ಕುಡಿಯುವ ಬಾಯಿ ಸಿಗುವುದಿಲ್ಲ.

ಎಣಿಸದಿದ್ದರೆ ಏನಾಯಿತು ಮಾರಾಯ್ರೆ ಅಂತ ಕೇಳಬಹುದು. ಊರಿನ ಹಣೆಬರಹ ಇರುವುದೇ ಆ ಸಂಖ್ಯೆಯಲ್ಲಿ. 1964ರ ಪುರಸಭೆಗಳ ಕಾಯ್ದೆ ಪ್ರಕಾರ ಹತ್ತು ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. ಸದಸ್ಯರ ಸಂಖ್ಯೆಯೂ ಅದರ ಮೇಲೇ: ಕಾರವಾರಕ್ಕೂ 31 ಸದಸ್ಯರು, ದಾಂಡೇಲಿಗೂ 31, ನಮಗೂ 31. ವಾರ್ಡ್ ಹಂಚಿಕೆ, ಮೀಸಲಾತಿ ಎಲ್ಲ ಆ ಹಳೇ ಪುಸ್ತಕದಿಂದಲೇ. ಹದಿನೈದನೇ ಹಣಕಾಸು ಆಯೋಗ ಅನುದಾನ ಹಂಚುವಾಗ ಹಿಡಿದದ್ದೂ 2011ರ ಜನಸಂಖ್ಯೆಯನ್ನೇ.

ಸಂಖ್ಯೆ ಜನರಿಗೆ ಹೊಂದುವುದಿಲ್ಲ ಅಂದರೆ ಜನರೇ ಸಂಖ್ಯೆಗೆ ಹೊಂದಿಕೊಳ್ಳಬೇಕು, ಅಲ್ವಾ? ಅದಕ್ಕೆ ನನ್ನದೊಂದು ಸಲಹೆ. ಕೆಂಗ್ರೆ ಹೊಳೆ, ಮಾರಿಗದ್ದೆಯಿಂದ ಬರುವ ನೀರನ್ನು 62 ಸಾವಿರ ಚಿಲ್ಲರೆ ಜನ ಮಾತ್ರ ಕುಡಿಯಬೇಕು. 2011ರ ನಂತರ ಹುಟ್ಟಿದವರು ಬೇಸಿಗೆಯಲ್ಲಿ ಅಜ್ಜನ ಪಾಲಿನದ್ದನ್ನು ಕುಡಿಯಲಿ. ಅಜ್ಜ ಹೇಗೂ ಬೇಡ ಅನ್ನುವುದಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ಕಸ ಹಾಕುವಂತಿಲ್ಲ, ಜೇಬಿನಲ್ಲಿ ಇಟ್ಟುಕೊಂಡು ತಮ್ಮ ಹಳೇ ಊರಿಗೆ ಒಯ್ಯಲಿ.

ಜನರ ಕಥೆ ಹೀಗಾದರೆ, ಆಳುವವರದ್ದು ಇದಕ್ಕಿಂತ ಚೆಂದ. 2018ರ ಆಗಸ್ಟ್ 31ಕ್ಕೆ ನಗರಸಭೆ ಚುನಾವಣೆ. ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು, ಪಟಾಕಿ ಹೊಡೆದರು. ಅಷ್ಟರಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಯ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರು ಕುರ್ಚಿ ಮೇಲೆ ಕೂತದ್ದು 2020ರ ಕೊನೆಗೆ. ಎರಡು ವರ್ಷ ಗೆದ್ದವರು ಗೆದ್ದೇ ಇದ್ದರು, ಅಧಿಕಾರ ಆಡಳಿತಾಧಿಕಾರಿ ಕೈಯಲ್ಲಿತ್ತು. ಗಟಾರ ತುಂಬಿದೆ ಅಂತ ಸದಸ್ಯರಿಗೆ ಹೇಳಿದರೆ, ಅವರೂ ನಮ್ಮ ಜೊತೆ ನಿಂತು ಗಟಾರ ನೋಡುವಷ್ಟು ಸಮಾನತೆ ಬಂದಿತ್ತು. 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು. ಮತ್ತೆ ಮೀಸಲಾತಿ, ಮತ್ತೆ ಕಾಯುವುದು, ಮತ್ತೆ ಆಡಳಿತಾಧಿಕಾರಿ. ಎರಡನೇ ಅವಧಿಯ ಅಧ್ಯಕ್ಷರು ಬಂದದ್ದು 2024ರ ಆಗಸ್ಟ್‌ನಲ್ಲಿ. ಐದು ವರ್ಷದ ಲೆಕ್ಕ ಶುರುವಾಗುವುದು ಮೊದಲ ಸಭೆಯಿಂದ. ಹಾಗಾಗಿ 2018ರಲ್ಲಿ ಒತ್ತಿದ ಬಟನ್ 2025ರವರೆಗೂ ಬಾಳಿಕೆ ಬಂತು. ಇಷ್ಟು ಗ್ಯಾರಂಟಿ ಮಿಕ್ಸರಿಗೂ ಕೊಡುವುದಿಲ್ಲ.

ನಡುವೆ 2025ರಲ್ಲಿ ರಾಜ್ಯ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬಂತು. ಕರೆಂಟ್ ಮೀಟರ್ ಓದುವವರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಆಮೇಲೆ ಮೇಷ್ಟ್ರು ಬಂದು 60 ಪ್ರಶ್ನೆ ಕೇಳಿದರು. ಅಂತೂ ನಮ್ಮನ್ನು ಎಣಿಸಿದರಪ್ಪ ಅಂತ ಖುಷಿಪಟ್ಟವರೂ ಇದ್ದರು. ಅದು ಬೇರೆ, ಇದು ಬೇರೆ ಅಂತ ಆಮೇಲೆ ಗೊತ್ತಾಯಿತು.

ಅಸಲಿ ಗಣತಿಗೆ 2027ರ ಮಾರ್ಚ್ 1ನ್ನು ಗೊತ್ತು ಮಾಡಿದ್ದಾರೆ. ಈ ಸಲ ಎಲ್ಲ ಮೊಬೈಲಿನಲ್ಲೇ. ನಮ್ಮ ಘಟ್ಟದ ನೆಟ್‌ವರ್ಕ್ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷದಲ್ಲಿ, ಫೆಬ್ರವರಿ-ಮಾರ್ಚ್ ಹೊತ್ತಿಗೇ ಬರುತ್ತದೆ. 2027ರಲ್ಲಿ ಜಾತ್ರೆ ಇಲ್ಲ. ಒಂದು ವರ್ಷ ಆಚೀಚೆ ಆಗಿದ್ದರೆ, ಬಿಡ್ಕಿಬಯಲಿನಲ್ಲಿ ತೊಟ್ಟಿಲು ಹತ್ತಲು, ಮಿರ್ಚಿ ತಿನ್ನಲು ನಿಂತವರನ್ನೆಲ್ಲ ಎಣಿಸಿಬಿಡಬಹುದಿತ್ತು. ಮೂರು ಲಕ್ಷ ದಾಟುವುದು ಏನು ಮಹಾ? ದಾಟಿದರೆ ಮಹಾನಗರ ಪಾಲಿಕೆ, ನಮಗೂ ಒಬ್ಬ ಮೇಯರ್! ಆದರೆ ಮೇಯರ್ ಹುದ್ದೆಯ ಮೀಸಲಾತಿ ಕೋರ್ಟಿನಿಂದ ಹೊರಗೆ ಬರುವಷ್ಟರಲ್ಲಿ, ಒಂದಲ್ಲ ಎರಡು ಜಾತ್ರೆ ಮುಗಿದಿರುತ್ತಿತ್ತು.