ದೆವ್ವದ ಬೆಟ್ಟಕ್ಕೆ ನಾಲ್ಕು ಲೀಟರ್ ಹಿಟ್ಟು

ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕಿನಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮಲಗುವ ಸುಖ ಬೇಕೆಂದರೆ ಆರು ತಿಂಗಳು ಮೊದಲೇ, ಬೆಳಿಗ್ಗೆ ಸರಿಯಾಗಿ 8 ಗಂಟೆಗೆ, ಕಂಪ್ಯೂಟರಿನ ಮುಂದೆ ಹಾಜರಿರಬೇಕು. ವಾರಾಂತ್ಯದ ಜಾಗಗಳು ನೋಡನೋಡುತ್ತಲೇ ಖಾಲಿಯಾಗುವುದರಿಂದ ನಮ್ಮ ಯಜಮಾನರು ಮಾರ್ಚ್ ತಿಂಗಳ ಒಂದು ಗುರುವಾರ ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ಆಫೀಸಿನ ಮೀಟಿಂಗಿಗೆ ಚಕ್ಕರ್ ಹೊಡೆದು, ಮೌಂಟ್ ಡಯಾಬ್ಲೊ ಸ್ಟೇಟ್ ಪಾರ್ಕಿನ ಜೂನಿಪರ್ ಕ್ಯಾಂಪ್‌ಗ್ರೌಂಡಿನಲ್ಲಿ ಸೆಪ್ಟೆಂಬರಿನ ಶನಿವಾರವೊಂದನ್ನು ಹಿಡಿದರು. ಒಂದು ಜಾಗಕ್ಕೆ ಎಂಟೇ ಜನ ಎಂಬ ನಿಯಮವಿದೆ. ನಾವು ನಾಲ್ವರು, ಹಾಸನದಿಂದ ಬರಲಿದ್ದ ಮಾವನವರು, ಪಕ್ಕದ ಬೀದಿಯ ಸ್ನೇಹಿತರ ಮನೆಯ ಮೂವರು ಸೇರಿ ಲೆಕ್ಕ ಎಂಟಕ್ಕೇ ನಿಂತಿತು. ಇಡೀ ಪ್ರವಾಸದಲ್ಲಿ ಸರಿಹೋದ ಲೆಕ್ಕ ಅದೊಂದೇ.

ಡಯಾಬ್ಲೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ದೆವ್ವ. ಬಂದ ವಾರದಲ್ಲೇ ಇದನ್ನು ಮೊಮ್ಮಗಳಿಂದ ಕೇಳಿದ ಮಾವನವರು, "ದುಡ್ಡು ಕೊಟ್ಟು ದೆವ್ವದ ಬೆಟ್ಟದಲ್ಲಿ ಯಾಕಪ್ಪ ಮಲಗಬೇಕು?" ಎಂದು ಮಗನನ್ನು ವಿಚಾರಿಸಿದರು. ಸ್ಪೇನಿನ ಸೈನಿಕರು 'ಮೊಂಟೆ' ಎಂದದ್ದು ದಟ್ಟ ಪೊದೆಗಾಡಿಗೆ, ಆ ಪದಕ್ಕೆ ಬೆಟ್ಟವೆಂಬ ಅರ್ಥವೂ ಇರುವುದರಿಂದ ಆಮೇಲೆ ಬಂದ ಇಂಗ್ಲಿಷಿನವರು ತಪ್ಪು ತಿಳಿದು 3,849 ಅಡಿಯ ಈ ಬೆಟ್ಟಕ್ಕೆ ಆ ಹೆಸರನ್ನು ಅಂಟಿಸಿದರು ಎಂದು ಇವರು ವಿವರಿಸಿದರು. ಹೆಸರಿಟ್ಟವರೇ ದಾರಿ ತಪ್ಪಿದ ಜಾಗವಾದರೆ ನಮಗೆ ಹೇಳಿಮಾಡಿಸಿದ್ದೇ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು.

ಮಾರ್ಚ್ ತಿಂಗಳಲ್ಲಿ ಇಲ್ಲಿನ ಗುಡ್ಡಗಳು ನಮ್ಮ ಮಲೆನಾಡನ್ನೇ ನೆನಪಿಸುವಷ್ಟು ಹಸಿರಾಗಿರುತ್ತವೆ. ಆ ಹಸಿರನ್ನು ಕಿಟಕಿಯಲ್ಲಿ ನೋಡುತ್ತಾ ಇವರು 112 ಸಾಲುಗಳ ಎಕ್ಸೆಲ್ ಪಟ್ಟಿಯೊಂದನ್ನು ತಯಾರಿಸಿದ್ದರು. ರಾತ್ರಿ ಬೆಂಕಿ ಹಾಕಿ ಕೆಂಡದಲ್ಲಿ ಗೆಣಸು ಸುಡುವುದು, ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು, ಸುತ್ತ ಕೂತು ಅಂತ್ಯಾಕ್ಷರಿ ಹಾಡುವುದು, ಹೀಗೆ ಎಲ್ಲವೂ ಆ ಬೆಂಕಿಯ ಸುತ್ತಲೇ ಸುತ್ತುತ್ತಿತ್ತು. ಆದರೆ ಸೆಪ್ಟೆಂಬರಿನಲ್ಲಿ ಅದೇ ಗುಡ್ಡಗಳು ಒಣಹುಲ್ಲಿನ ಬಣವೆಗಳಾಗಿರುವುದರಿಂದ ಅಲ್ಲಿ ಸೌದೆ ಉರಿಸುವಂತಿಲ್ಲ, ಗ್ಯಾಸ್ ಒಲೆಯೊಂದೇ ಗತಿ. ಪಾರ್ಕಿನಲ್ಲಿ ಮದ್ಯ ನಿಷೇಧ ಎಂಬ, ನಮಗೆ ಸಂಬಂಧವೇ ಇಲ್ಲದ ನಿಯಮವನ್ನು ಕೆಂಪಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ ಇವರು ಸೌದೆಯ ನಿಯಮವನ್ನು ಓದಿದ್ದು ಹೊರಡುವುದಕ್ಕೆ ಮೂರು ದಿನ ಇರುವಾಗ. ಗೊಜ್ಜು ಹೋಗಿ ದೋಸೆ ಬಂತು. ನಾನು ನಾಲ್ಕು ಲೀಟರ್ ಹಿಟ್ಟು ರುಬ್ಬಿದೆ.

ಅದೇ ಹೊತ್ತಿಗೆ ಮಗಳು ಇನ್ನೊಂದು ಸುದ್ದಿ ತಂದಳು. ಬೇಸಗೆ ಕಳೆದು ಚಳಿ ಬರುವ ಮೊದಲು ಆ ಬೆಟ್ಟದ ಗಂಡು ಟರಾಂಟುಲಾ ಜೇಡಗಳು ಬಿಲದಿಂದ ಹೊರಬಿದ್ದು ಹೆಣ್ಣನ್ನು ಹುಡುಕುತ್ತಾ ಅಲೆಯುತ್ತವಂತೆ. ಅಂಗೈಯಗಲದ, ಮೈತುಂಬ ರೋಮದ ಆ ವರಮಹಾಶಯರಿಗೆ ಆರು ತಿಂಗಳ ಮುಂಗಡ ಬುಕಿಂಗ್ ಬೇಕಿಲ್ಲ. ಟೆಂಟಿನ ಜಿಪ್ಪನ್ನು ಹತ್ತು ಸಲ ಎಳೆದು ಪರೀಕ್ಷಿಸಿದ ಮೇಲೆಯೇ ನಾನು ಹೊರಡಲು ಒಪ್ಪಿದ್ದು.

ಸೂರ್ಯ ಮುಳುಗಿದೊಡನೆ ಪಾರ್ಕಿನ ಗೇಟು ಮುಚ್ಚುತ್ತದೆ, ಅಷ್ಟರೊಳಗೆ ಒಳಗಿರಬೇಕು. ಪಟ್ಟಿಯ ಪ್ರಕಾರ ನಮ್ಮೂರು ಫ್ರೀಮಾಂಟ್ ಬಿಡಬೇಕಾದದ್ದು ಮಧ್ಯಾಹ್ನ 2 ಗಂಟೆಗೆ, ಬಿಟ್ಟದ್ದು ಐದೂವರೆಗೆ. ಐಸ್ ಕೊಳ್ಳಲೆಂದು ಡ್ಯಾನ್‌ವಿಲ್‌ನಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೆದರೆ ಉದ್ದಿನ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಬಿಸಿಲಿಗೆ ಹಿಟ್ಟು ಹುದುಗಿ ಉಬ್ಬಿ, ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಟೋಪಿಯಂತೆ ಹೊತ್ತುಕೊಂಡು, ಅಂಚಿನಿಂದ ನಿಧಾನವಾಗಿ ಇಳಿದು, ಮಾವನವರ ಸ್ಲೀಪಿಂಗ್ ಬ್ಯಾಗಿನ ಜಿಪ್ಪಿನ ಹಲ್ಲುಗಳನ್ನು ಒಂದೊಂದಾಗಿ ತುಂಬುತ್ತಿತ್ತು. ಹಲ್ಲುಜ್ಜುವ ಹೊಸ ಬ್ರಷ್‌ನಿಂದ ಅದನ್ನು ಉಜ್ಜಿ ತೆಗೆಯುವುದರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಬ್ರಷ್ ಯಾರದೆಂದು ಇಲ್ಲಿ ಹೇಳಲಾರೆ.

ಉಳಿದ ದಾರಿಯೆಲ್ಲ ಏರು ಮತ್ತು ತಿರುವು. ನಮ್ಮ ಮುಂದೆ ಹಳದಿ ಅಂಗಿಯ ಸೈಕಲ್ ಸವಾರರೊಬ್ಬರು, ನಮ್ಮ ತಂದೆಯ ವಯಸ್ಸಿನವರು, ಸಾವಧಾನವಾಗಿ ಪೆಡಲ್ ತುಳಿಯುತ್ತಿದ್ದರು. ಕಣ್ಣಿಗೆ ಕಾಣದ ತಿರುವುಗಳಲ್ಲಿ ಸೈಕಲನ್ನು ಹಿಂದೆ ಹಾಕುವಂತಿಲ್ಲ, ಆ ರಸ್ತೆಯಲ್ಲಿ ಬೇರೆ ಥರದ ತಿರುವೂ ಇಲ್ಲ. ಇವರು ಸ್ಟೀರಿಂಗ್ ಹಿಡಿದು ಸೂರ್ಯನನ್ನೊಮ್ಮೆ, ಸೈಕಲನ್ನೊಮ್ಮೆ ನೋಡುತ್ತಿದ್ದರೆ ಮಾವನವರು ಹಿಂದಿನಿಂದ, "ಪಾಪ, ಸುಸ್ತಾಗಿರ್ತಾರೆ, ಹತ್ತಿಸ್ಕೊಳ್ಳೋ" ಎಂದರು. ಅಂತೂ ಬೆಳಕು ಆರುವ ಮೊದಲು ಜಾಗ ಸೇರಿದೆವು. ಆ ರಾತ್ರಿ ಸ್ನೇಹಿತರ ಮನೆಯ ಪುಳಿಯೋಗರೆ ನಮ್ಮನ್ನು ಕಾಪಾಡಿತು.

ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ತಿಳಿಯಿತು, ದೋಸೆ ಕಾವಲಿ ಬಂದಿರಲಿಲ್ಲ. ಪಟ್ಟಿಯ 43ನೆಯ ಸಾಲಿನಲ್ಲಿ ಅದಕ್ಕೆ ಟಿಕ್ ಬಿದ್ದಿತ್ತು. ಕಾವಲಿ ಮಾತ್ರ ತೊಳೆದು ಒಣಗಲೆಂದು ಇಟ್ಟಲ್ಲೇ, ಮನೆಯ ಒಲೆಯ ಮೇಲೆ, ಕೂತಿತ್ತು. ನಾನು ಮಾತನಾಡದೆ ಕುಕ್ಕರಿನಲ್ಲಿ ನೀರಿಟ್ಟು, ಕಾಫಿಗೆಂದು ತಂದಿದ್ದ ಎಂಟು ಸ್ಟೀಲ್ ಲೋಟಗಳಿಗೆ ಎಣ್ಣೆ ಸವರಿ, ಹಿಟ್ಟು ಹೊಯ್ದು, ಎರಡು ಸರದಿಯಲ್ಲಿ ಬೇಯಿಸಿದೆ. ಲೋಟದಿಂದ ಜಾರಿ ಬಿದ್ದ ಇಡ್ಲಿಗೆ ತುಪ್ಪ ಹಾಕಿಕೊಂಡು ಮಾವನವರು ಮೂರು ತಿಂದರು. ಲೋಟಗಳೆಲ್ಲ ಇಡ್ಲಿಗೆ ಹೋದದ್ದರಿಂದ ಕಾಫಿಯನ್ನು ಪಾತ್ರೆಯ ಮುಚ್ಚಳಗಳಲ್ಲಿ ಕುಡಿದೆವು.

ಇವರ ಪಾಲಿನ ಇಡ್ಲಿ ಆರುತ್ತಿತ್ತು. ಎಲ್ಲಿ ಹೋದರೆಂದು ನೋಡಿದರೆ, ದೂರದ ಬಂಡೆಯೊಂದರ ಮೇಲೆ ನಿಂತು ಸಿಗ್ನಲ್ಲಿಗಾಗಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದರು. ಗಂಟೆ ಎಂಟಕ್ಕೆ ಎರಡು ನಿಮಿಷ ಕಡಿಮೆಯಿತ್ತು. ಅಂದಿಗೆ ಸರಿಯಾಗಿ ಆರು ತಿಂಗಳಿಗೆ ಮಾರ್ಚ್ ತಿಂಗಳ ಶನಿವಾರ ಬೀಳುತ್ತಿತ್ತು.